ಭಾಂಜಿ ಮುಟ್ಟಬಾರದ ಕಾಲು

ಆಕ್ರನ್, ಒಹಾಯೊ
ಅಕ್ಟೋಬರ್ ೨೯, ಭಾನುವಾರ ಮಧ್ಯಾಹ್ನ

ತುಲಸಾ ದಿದಿಗೆ ನಿನ್ನ ಮೇನುಕಾಳ ನಮಸ್ಕಾರ.

ಕೆಲಸದ ನಡುವೆ ವಾಯ್ಸ್ ನೋಟ್ ಕೇಳುವುದಕ್ಕಾಗುವುದಿಲ್ಲ ಎಂದಿದ್ದೆಯಲ್ಲ, ಅದಕ್ಕೇ ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಅದರ ತಪ್ಪು, ವಿಷಯ ತಪ್ಪಿದ್ದರೆ ನನ್ನದು. ನಿಮ್ಮ ಅಪ್ಪನ ಅಪಾರ್ಟ್‌ಮೆಂಟಿನ ಎದುರು ಕಾರಿನಲ್ಲಿ ಕೂತಿದ್ದೇನೆ. ಬಂದು ಇಪ್ಪತ್ತು ನಿಮಿಷವಾಯಿತು. ಎರಡು ಸಲ ಬಾಗಿಲು ತೆರೆದು ಎರಡು ಸಲವೂ ಮುಚ್ಚಿದೆ. ಒಮ್ಮೆ ಕಾರು ಚಾಲೂ ಮಾಡಿ ಬೀದಿ ಸುತ್ತಿ ಮತ್ತೆ ಇದೇ ಜಾಗಕ್ಕೆ ಬಂದು ನಿಲ್ಲಿಸಿದೆ. ನಿನ್ನಮ್ಮ, ನನ್ನ ಮಾಯಿಜು, ಕಿಟಕಿಯಿಂದ ನೋಡಿದ್ದರೆ ನಿನ್ನ ಅತ್ತೆಮಗಳಿಗೆ ತಲೆ ಕೆಟ್ಟಿದೆ ಎಂದುಕೊಂಡಿರುತ್ತಾರೆ.

ಶುಕ್ರವಾರ ನೀನು ಬರೆದಿದ್ದೆ: 'ಅಪ್ಪನನ್ನು ಒಪ್ಪಿಸಿದೆ. ಸೋಮವಾರ ನಿನ್ನ ಹತ್ತಿರವೇ ಬರುತ್ತಾರೆ. ಇನ್ನು ನನಗೆ ನಿದ್ದೆ ಬರುತ್ತದೆ.' ನಾನು ಏನೂ ಬರೆಯದೆ ಒಂದು ಕೆಂಪು ಹೃದಯ ಕಳಿಸಿದೆ. ಅಂದಿನಿಂದ ನನ್ನ ಪಾದಚಿಕಿತ್ಸೆಯ ಕ್ಲಿನಿಕ್ಕಿನ ಡ್ರಾಯರನ್ನು ಮೂರು ಸಲ ಜೋಡಿಸಿಟ್ಟೆ.

ಆಗಸ್ಟ್‌ನಿಂದ ಹೇಳುತ್ತೇನೆ, ಏಕೆಂದರೆ ನಿನಗೆ ನಾನು ಹೇಳಿದ್ದೆಲ್ಲ ಸೆಪ್ಟೆಂಬರ್ ಕೊನೆಯಿಂದ. ಆಗಸ್ಟ್‌ನಲ್ಲಿ ಮಾಯಿಜು ಬಚ್ಚಲುಮನೆಯಿಂದ ಫೋನ್ ಮಾಡಿದರು, ನೀರು ಬಿಟ್ಟುಕೊಂಡು, ಮಾಮನಿಗೆ ಕೇಳಿಸಬಾರದೆಂದು. ಚಪ್ಪಲಿಯ ಮೊಳೆ ಚುಚ್ಚಿ ಎಡಗಾಲಿನ ಎರಡನೇ ಬೆರಳ ಕೆಳಗೆ ಗಾಯವಾಗಿದೆ, ಮೊಳೆ ಚುಚ್ಚಿದ್ದೇ ಅವರಿಗೆ ಗೊತ್ತಾಗಿಲ್ಲ, ಕಾಲುಚೀಲ ಅಂಟಿಕೊಂಡಾಗಲೇ ಗೊತ್ತಾದದ್ದು ಎಂದರು. ಸಕ್ಕರೆ ಕಾಯಿಲೆಯವರ ಪಾದ ಹಾಗೇ, ನೋವು ಎನ್ನುವ ಕಾವಲುಗಾರನೇ ಕೆಲಸ ಬಿಟ್ಟಿರುತ್ತಾನೆ. ನಾನು ಚೀಲ ಹಿಡಿದು ಓಡಿದೆ. ನನ್ನನ್ನು ನೋಡಿದ್ದೇ ಮಾಮ ಎರಡೂ ಕಾಲು ಎಳೆದು ಕಂಬಳಿಯೊಳಗೆ ಹಾಕಿಕೊಂಡರು.

"ಭಾಂಜಿ ಕೈಲಿ ಕಾಲು ಮುಟ್ಟಿಸ್ಕೊಂಡು ನಾನು ಯಾವ ನರಕಕ್ಕೆ ಹೋಗ್ಲಿ? ತಂಗಿ ಮಗಳು ನೀನು. ನಮ್ಮಲ್ಲಿ ನಿನ್ನ ಕಾಲಿಗೆ ನಾನು ಬೀಳೋನು."

"ಮಾಮ, ದಿನಾ ಮೂವತ್ತು ಜನರ ಕಾಲು ಮುಟ್ತೀನಿ."

"ಮುಟ್ಟು. ಅವರ್ಯಾರೂ ನಿನ್ನ ಮಾಮ ಅಲ್ಲ."

ನಿನ್ನಪ್ಪ ನಿನಗೆ ಗೊತ್ತು. ಬೇರೆ ಡಾಕ್ಟರನ್ನು ತಾವೇ ಹುಡುಕಿಕೊಂಡರು, ನಾರ್ತ್ ಹಿಲ್‌ನಲ್ಲಿ ನಮ್ಮವರ ಅಂಗಡಿಗಳ ಸಾಲಿನಲ್ಲೇ. ಅಲ್ಲಿಂದ ನನಗೊಂದು ಫೋಟೋ ಕಳಿಸಿದರು, ಗೋಡೆಯ ಫೋಟೋ. ಗೋಡೆ ತುಂಬ ಚಿನ್ನದ ಅಂಚಿನ ಚೌಕಟ್ಟುಗಳು. ಜೊತೆಗೆ ಒಂದು ಮಾತು: "ಹನ್ನೊಂದಿವೆ. ನಿನ್ನ ಗೋಡೆ ಮೇಲೆ ಎಷ್ಟು?" ಅಜ್ಜನ ಕಾಲದ ಕಂದಾಯದ ರಸೀದಿ ಸಿಗಲಿಲ್ಲವೆಂದು ಪೌರತ್ವ ಹೋಗಿ ಭೂತಾನವನ್ನೇ ಕಳೆದುಕೊಂಡ ಮನುಷ್ಯ ಅವರು. ಹದಿನೆಂಟು ವರ್ಷ ನೇಪಾಳದ ನಿರಾಶ್ರಿತರ ಶಿಬಿರದಲ್ಲಿ ರೇಷನ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದವರು. ಗಾಜು ಹಾಕಿ ಗೋಡೆಗೆ ಹೊಡೆದ ಕಾಗದವನ್ನು ಅವರು ನಂಬದೆ ಇನ್ನು ಯಾರು ನಂಬಬೇಕು?

ಫೋಟೋ ದೊಡ್ಡದು ಮಾಡಿ ಒಂದೊಂದೇ ಓದಿದೆ. ಒಂದು ಪದವಿ. ಒಂದು ರಾಜ್ಯದ ಲೈಸೆನ್ಸ್. ಇನ್ನೊಂದು, ಎರಡು ದಿನದ ತರಬೇತಿಗೆ ಹೋಗಿ ಬಂದದ್ದು. ಉಳಿದ ಎಂಟೂ ವೈದ್ಯರ ಸಂಘಗಳ ಸದಸ್ಯತ್ವದವು. ಸದಸ್ಯತ್ವ ಕೆಟ್ಟದ್ದಲ್ಲ ದಿದಿ, ನಾನೂ ಸದಸ್ಯೆಯೇ. ಪತ್ರಿಕೆ ಬರುತ್ತದೆ, ಸಭೆಗೆ ಕರೆಯುತ್ತಾರೆ, ನಮ್ಮ ಕಸುಬಿನ ಪರವಾಗಿ ಸರ್ಕಾರದ ಹತ್ತಿರ ಮಾತಾಡುತ್ತಾರೆ. ಆದರೆ ಲೈಸೆನ್ಸ್ ಇದ್ದು ವರ್ಷದ ಚಂದಾ ಕಟ್ಟಿದರೆ ಸದಸ್ಯರಾಗಬಹುದು. ಈತನ ಕೈ ಹೇಗಿದೆ ಎಂದು ಅಲ್ಲಿ ಯಾರೂ ನೋಡುವುದಿಲ್ಲ. ಕೈ ನೋಡುವುದು ಬೋರ್ಡ್, ಪಾದದ ಶಸ್ತ್ರಚಿಕಿತ್ಸಕರನ್ನು ಪರೀಕ್ಷಿಸುವ ಮಂಡಳಿ. ಅದರಲ್ಲೂ ಎರಡು ಮೆಟ್ಟಿಲು. ಮೊದಲನೆಯದು ಪರೀಕ್ಷೆ, ಅದು ಪಾಸಾದರೆ 'ಅರ್ಹ' ಎನ್ನುತ್ತಾರೆ. ಆಮೇಲೆ ಏಳು ವರ್ಷದೊಳಗೆ ನಾವು ಮಾಡಿದ ಒಂದೊಂದು ಶಸ್ತ್ರಚಿಕಿತ್ಸೆಯನ್ನೂ ಬರೆದಿಟ್ಟು ಕೊಡಬೇಕು, ಒಳ್ಳೆಯದಾದದ್ದನ್ನೂ ಕೆಟ್ಟದ್ದನ್ನೂ. ಯಾವುದನ್ನು ತೆರೆದು ನೋಡಬೇಕೆಂದು ಅವರೇ ಆರಿಸುತ್ತಾರೆ. ಅದೂ ದಾಟಿದರೆ ಪ್ರಮಾಣಪತ್ರ, ಸರ್ಟಿಫೈಡ್. ಆ ಗೋಡೆಯ ಮೇಲೆ ಬೋರ್ಡಿನದು ಒಂದೂ ಇರಲಿಲ್ಲ. ಆ ಡಾಕ್ಟರೇನೂ ಸುಳ್ಳ ಅಲ್ಲ, ಇದೆ ಎಂದು ಅವರು ಎಲ್ಲೂ ಹೇಳಿಕೊಂಡಿರಲಿಲ್ಲ. ಉಗುರು, ಆಣಿ, ಬೂಟಿನೊಳಗಿನ ಮೆತ್ತೆ, ಇವಕ್ಕೆಲ್ಲ ಒಳ್ಳೆಯವರೇ. ಮಾಮನ ಗಾಯ ಅವರ ಅಳತೆಯದಾಗಿರಲಿಲ್ಲ.

ನಾನು ಮಾಮನಿಗೆ ಒಂದೇ ಮಾತು ಬರೆಯಬೇಕಿತ್ತು: 'ಕಾಲಿನ ಶಸ್ತ್ರಚಿಕಿತ್ಸೆಯಲ್ಲಿ ಬೋರ್ಡಿನ ಪ್ರಮಾಣಪತ್ರ ಇದೆಯಾ, ಕೇಳಿ.' ಬರೆದೆ ಕೂಡ. ಕಳಿಸುವ ಮುಂಚೆ ಅಳಿಸಿದೆ. ಅದರ ಬದಲು 'ಒಳ್ಳೆಯವರೇ, ಹೋಗಿ' ಎಂದು ಬರೆದೆ.

ಯಾಕೆ ಅಳಿಸಿದೆ ಎಂದರೆ, ಅಲ್ಲಿ ಕೇಳಿದ ಪ್ರಶ್ನೆಯನ್ನು ಮಾಮ ಆಮೇಲೆ ನನಗೂ ಕೇಳುತ್ತಿದ್ದರು. ನನಗೂ ಇಲ್ಲ ದಿದಿ. ನಾನು ಅರ್ಹಳು ಮಾತ್ರ. ಎರಡನೇ ಮೆಟ್ಟಿಲು ಹತ್ತಿಲ್ಲ.

ಹಾಗಾದರೆ ಸಮುದಾಯ ಭವನದ ಪೋಸ್ಟರ್ ಏನು ಎನ್ನುತ್ತೀಯ. ಏಪ್ರಿಲ್‌ನಲ್ಲಿ ಆರೋಗ್ಯ ಶಿಬಿರಕ್ಕೆಂದು ನಮ್ಮ ಸಂಘದ ಹಿರಿಯಣ್ಣ ಗೋಪಿಚಂದ್ರ ದಾಜು ಫೋನ್ ಮಾಡಿ, "ನಾನಿ, ಮಗೂ, ನಿನ್ನ ಹೆಸರಿನ ಕೆಳಗೆ ಏನು ಹಾಕ್ಲಿ?" ಎಂದು ಕೇಳಿದರು. ಬೋರ್ಡ್ ಅರ್ಹಳು ಎಂದೇ ಹೇಳಿದೆ. "ಅರ್ಹಳು ಅಂದ್ರೆ ಮದುವೆಗೆ ಅಂದ್ಕೋತಾರೆ ಕಣಮ್ಮ. ಸರ್ಟಿಫೈಡ್ ಅಂತ ಹಾಕ್ತೀನಿ, ಓದೋಕೆ ತೂಕ ಇರುತ್ತೆ" ಎಂದರು. ನಾನು ನಕ್ಕೆ. ಬೇಡ ಎನ್ನಲಿಲ್ಲ, ನಕ್ಕೆ. 'ನಮ್ಮ ಸಮುದಾಯದ ಮೊದಲ ಬೋರ್ಡ್ ಸರ್ಟಿಫೈಡ್ ಪಾದವೈದ್ಯೆ' ಎಂದು ಬಾಗಿಲಗಲದ ಅಕ್ಷರದಲ್ಲಿ ಬಂತು. ಹೇಗೂ ಒಂದು ದಿನ ಆಗುವವಳೇ ತಾನೇ ಎಂದುಕೊಂಡೆ. ಮಾಮ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ನಿನಗೂ ಕಳಿಸಿದರು.

ಐದು ವಾರ ಮುಲಾಮು, ಪ್ಯಾಡು. ಆಮೇಲೆ ಚಳಿ ಜ್ವರ, ಆಸ್ಪತ್ರೆ, ಮೂಳೆಗೆ ಇಳಿದ ಕೀವು. ಅಲ್ಲಿನ ಶಸ್ತ್ರವೈದ್ಯೆ ಡಾಕ್ಟರ್ ವಿಟೇಕರ್ ಬೆರಳು ತೆಗೆದರು. ಸಕ್ಕರೆ ಜಾಸ್ತಿಯಾಗಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದು ನಿನಗೆ ಹೇಳಿದೆ. ಅದು ಸುಳ್ಳು. ಮೊದಲನೇ ವಾರವೇ ವಿಟೇಕರ್ ಹತ್ತಿರ ಹೋಗಿದ್ದರೆ ಆ ಬೆರಳು ಬಹುಶಃ ಉಳಿಯುತ್ತಿತ್ತು.

ಈಗ ಹೊಲಿಗೆಯ ಪಕ್ಕದಲ್ಲೇ, ಹೆಬ್ಬೆರಳ ಬುಡದಲ್ಲಿ, ಮತ್ತೆ ಬಾಯಿ ಬಿಟ್ಟಿದೆ. ಬೆರಳು ತೆಗೆದವಳ ಹತ್ತಿರ ಮತ್ತೆ ಹೋಗುವುದಿಲ್ಲ ಎಂದು ಮಾಮ ಎರಡು ವಾರದಿಂದ ಡ್ರೆಸ್ಸಿಂಗ್‌ಗೇ ಹೋಗಿಲ್ಲ. ಈ ವಾರವೂ ಯಾರೂ ನೋಡದಿದ್ದರೆ ಹೋಗುವುದು ಒಂದು ಬೆರಳಲ್ಲ, ಪಾದ. ಅದಕ್ಕೇ ನೀನು ಅಳುತ್ತ ಅವರನ್ನು ನನ್ನ ಕಡೆ ತಿರುಗಿಸಿದ್ದು. ಅವರು ಹೇಗೆ ಒಪ್ಪಿದರೆಂದು ನಿನಗೆ ಪೂರ್ತಿ ಗೊತ್ತಿಲ್ಲ. ಕೊಲಂಬಸ್‌ನಲ್ಲಿರುವ ನಮ್ಮ ಪುರೋಹಿತರು ಪಂಡಿತ ಬಾಜೆಗೆ ಫೋನ್ ಮಾಡಿ ಕೇಳಿದ್ದಾರೆ. ದೊಡ್ಡ ಸರ್ಟಿಫಿಕೇಟ್ ಇದ್ದರೆ ಕೆಲಸದ ಕೋಣೆಯೊಳಗೆ ಅವಳು ಡಾಕ್ಟರ್, ಹೊರಗೆ ಬಂದರೆ ಭಾಂಜಿ, ದೋಷವಿಲ್ಲ ಎಂದು ಬಾಜೆ ಹೇಳಿದ್ದಾರೆ. ನಿನ್ನೆ ದಸರೆಯ ಕೊನೆಯ ದಿನವೆಂದು ಹಣೆಗೆ ಟೀಕಾ ಇಡಿಸಿಕೊಳ್ಳಲು ಹೋದಾಗ, ಬ್ಯಾಂಡೇಜು ಕಟ್ಟಿದ ಕಾಲು ಚಾಚಿಕೊಂಡೇ ಬಗ್ಗಿ ನನ್ನ ಪಾದಕ್ಕೆ ಹಣೆ ಹಚ್ಚಿ, ಮಾಮ ಇದನ್ನು ಖುಷಿಯಿಂದ ಹೇಳಿದರು. ನನ್ನ ಪಾದದ ಮೇಲೆ ಅವರ ಹಣೆ ಬೆಚ್ಚಗಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ನೋಡು ನನ್ನ ಪರಿಸ್ಥಿತಿ. ನಿಜ ಹೇಳಿದರೆ ಅವರು ಕಾಲು ಒಳಗೆ ಎಳೆದುಕೊಳ್ಳುತ್ತಾರೆ. ಹೇಳದಿದ್ದರೆ ನಾಳೆ ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಬರೀ ಡ್ರೆಸ್ಸಿಂಗ್ ಆದರೆ ನನ್ನ ಕೈಯೇ ಸಾಕು, ಲೈಸೆನ್ಸ್ ಇದೆ, ತರಬೇತಿ ಇದೆ. ಆದರೆ ಮೂಳೆ ಮತ್ತೆ ಕೆಟ್ಟಿದ್ದರೆ ಎಲ್ಲಿಯವರೆಗೆ ಉಳಿಸಬಹುದು ಎಂದು ನೋಡಿ ಹೇಳಲು ನನಗಿಂತ ಹೆಚ್ಚು ಕಾಲು ಕಂಡವರು ಬೇಕು. ಮಾಯಿಜು ಕಿಟಕಿಯ ಪರದೆ ಸರಿಸಿದರು. ಕೈ ಬೀಸುತ್ತಿದ್ದಾರೆ. ಹೋಗುತ್ತೇನೆ.

ಅದೇ ದಿನ ಸಂಜೆ, ಅದೇ ಕಾರು

ಹೇಳಿದೆ ದಿದಿ.

ಮಾಮ ಸೋಫಾದಲ್ಲಿದ್ದರು, ಕಾಲು ಬೆತ್ತದ ಸ್ಟೂಲಿನ ಮೇಲೆ. ನಾಳೆಗೆಂದು ಇಸ್ತ್ರಿ ಮಾಡಿದ ಅಂಗಿ ಕುರ್ಚಿಗೆ ನೇತಾಡುತ್ತಿತ್ತು. ನಾನು ನಿಂತುಕೊಂಡೇ, ಪೋಸ್ಟರ್‌ನಲ್ಲಿರುವುದು ಸುಳ್ಳು, ನನಗೆ ಆ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ ಎಂದೆ. ಟಿ.ವಿ. ನಿಲ್ಲಿಸಿದರು.

"ಲೈಸೆನ್ಸ್ ಇದೆಯಾ?"

"ಇದೆ."

"ಡಾಕ್ಟರ್ ಹೌದೋ ಅಲ್ವೋ?"

"ಹೌದು ಮಾಮ."

"ಮತ್ತೆ ಇಲ್ಲದ್ದು ಯಾವುದು?"

ನಿನಗೆ ಬರೆದಷ್ಟನ್ನೂ ಹೇಳಿದೆ. ಚಂದಾ, ಪರೀಕ್ಷೆ, ಎರಡು ಮೆಟ್ಟಿಲು. ಆ ಹನ್ನೊಂದು ಚೌಕಟ್ಟು ಏನೇನು ಎಂದು ನನಗೆ ಆಗಲೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅದನ್ನು ಹೇಳುವಾಗ ಮಾಯಿಜು ಚಹಾ ಸೋಸುತ್ತಿದ್ದವರು ಸೋಸುವುದನ್ನು ನಿಲ್ಲಿಸಿದರು.

"ಗೊತ್ತಿದ್ದೂ ಹೋಗಿ ಅಂದ್ಯಾ?" ಎಂದು ಕೇಳಿದ್ದು ಅವರು, ಮಾಮ ಅಲ್ಲ.

"ಹೂಂ."

"ಆ ಬೆರಳು ನಂಗೆ ಮದುವೆ ದಿನದಿಂದ ಗೊತ್ತಿತ್ತು ಕಣೇ" ಎಂದರು ಮಾಯಿಜು. ಚಹಾ ಕೊಟ್ಟರು, ನನಗೂ ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಳೆ ಹತ್ತೂವರೆಗೆ ವಿಟೇಕರ್ ಹತ್ತಿರ ಸಮಯ ಕೇಳಿಟ್ಟಿದ್ದೇನೆ, ಅವರಿಗೆ ಪ್ರಮಾಣಪತ್ರ ಇದೆ ಎಂದೆ. ಮಾಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಇದೆ ಅಂತ ಯಾರು ಹೇಳಿದ್ದು? ನೀನು. ನಿನ್ನ ಮಾತನ್ನ ನಾನು ಈಗ ಎಷ್ಟಕ್ಕೆ ತಗೊಳ್ಳಲಿ?"

ಬೋರ್ಡಿನ ಪಟ್ಟಿ ಯಾರು ಬೇಕಾದರೂ ನೋಡಬಹುದು. ಫೋನಿನಲ್ಲಿ ತೆರೆದು ವಿಟೇಕರ್ ಹೆಸರು ಹಾಕಿದೆ. ಬಂತು, ಪಾಸಾದ ವರ್ಷದ ಸಮೇತ. ಮಾಮ ಫೋನನ್ನು ದೂರ ಹಿಡಿದು, ಪೌರತ್ವದ ತರಗತಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರ ಕೂಡಿಸಿ ಓದಿದರು. ಆಮೇಲೆ ಫೋನ್ ನನಗೆ ಚಾಚಿದರು.

"ಈಗ ನಿನ್ನ ಹೆಸರು ಹಾಕು."

ಹಾಕಿದೆ. ತಿಮ್ಸಿನಾ, ಮೇನುಕಾ. ಅರ್ಹತೆ ಮಾತ್ರ. ಅವರು ಅದನ್ನೂ ಕೊನೆಯವರೆಗೆ ಓದಿದರು. ನಾನು ಪರೀಕ್ಷೆಯ ಕೋಣೆಯಲ್ಲೂ ಹಾಗೆ ಬೆವರಿರಲಿಲ್ಲ.

"ಇಲ್ಲೂ ಹೆಸರಿದೆಯಲ್ಲ. ಇಷ್ಟು ಸಾಕಾಗ್ತಿರಲಿಲ್ವಾ ನಿಂಗೆ?" ಎಂದರು. ಕಂಬಳಿ ಎಳೆದು ಕಾಲು ಮುಚ್ಚಿಕೊಂಡರು. "ಹಾಗಾದ್ರೆ ಬಾಜೆ ಮಾತು ನಿಂಗೆ ಸಲ್ಲಲ್ಲ. ನೀನಿನ್ನೂ ಭಾಂಜಿನೇ. ನಾಳೆ ಅವಳ ಹತ್ರಾನೇ ಹೋಗ್ತೀನಿ. ಬಸ್ಸಲ್ಲಿ."

"ಆ ಕಾಲಲ್ಲಿ ಬಸ್ಸಾ? ಇನ್ನೊಂದು ಬೆರಳನ್ನ ಡ್ರೈವರ್‌ಗೆ ಕೊಟ್ಟು ಬರ್ತೀರಾ?" ಎಂದರು ಮಾಯಿಜು.

ಮಾಮ ಕಂಬಳಿಯ ಅಂಚು ಸರಿಮಾಡಿಕೊಂಡು, "ಸರಿ, ಕಾರಲ್ಲಿ ಬರ್ತೀನಿ. ಮಾತಾಡ್ಸಬೇಡ" ಎಂದರು.

ಹಾಗಾಗಿ ನಾಳೆ ಹತ್ತು ಗಂಟೆಗೆ ಮಾತಾಡದ ಮಾಮನನ್ನು ಕರೆದುಕೊಂಡು ಹೋಗುತ್ತೇನೆ. ಗೋಪಿಚಂದ್ರ ದಾಜುಗೆ ಫೋನ್ ಮಾಡಿ ಪೋಸ್ಟರ್ ಇಳಿಸಲು ಹೇಳಿದ್ದೇನೆ. "ಎಲ್ಲರೂ ಓದಿ ಆಯ್ತಲ್ಲ" ಎಂದರು. ಅದೇ ತೊಂದರೆ ಎಂದೆ. ನಿನ್ನಿಂದ ಒಂದೇ ಬೇಡಿಕೆ. ಬೆಳಿಗ್ಗೆ ಅವರು ಮನಸ್ಸು ಬದಲಿಸುವ ಮುಂಚೆ ಒಂದು ಫೋನ್ ಮಾಡು. ನನ್ನ ಪರವಾಗಿ ಏನೂ ಹೇಳಬೇಡ, ವಿಟೇಕರ್ ಹತ್ತಿರ ಹೋಗಿ ಎಂದಷ್ಟೇ ಹೇಳು. ನನಗೆ ಬೈಯುವುದಿದ್ದರೆ ಆಮೇಲೆ ನಿಧಾನವಾಗಿ ಬೈ. ಉತ್ತರ ಕೊಡದೆ ಹೃದಯ ಕಳಿಸುವುದನ್ನು ಬಿಟ್ಟಿದ್ದೇನೆ.

ನಿನ್ನ
ಮೇನುಕಾ

ಮತ್ತೊಂದು ಮಾತು: ಕಳಿಸಬೇಕೆಂದು ಬೆರಳು ಇಟ್ಟವಳು ತೆಗೆದೆ, ಇದೊಂದು ಉಳಿದಿತ್ತು. ಬೋರ್ಡಿಗೆ ಕೊಡಲು ನನ್ನ ಪಟ್ಟಿಯಲ್ಲಿ ಮೂಳೆಗೆ ಕೀವು ಇಳಿದ ಪಾದದ ಕೇಸುಗಳು ಕಡಿಮೆ ಇವೆ. ಮಾಮ ನನ್ನ ಹತ್ತಿರವೇ ಬರುತ್ತಾರೆ ಎಂದು ಶುಕ್ರವಾರ ನೀನು ಬರೆದಾಗ ನನಗೆ ಮೊದಲು ಹೊಳೆದದ್ದು ಒಂದು ಕೇಸು ಸಿಕ್ಕಿತು ಎಂದು. ಅಡ್ಡಹೆಸರಿನಲ್ಲಿ ಅವರು ಖತಿವಡಾ, ನಾನು ತಿಮ್ಸಿನಾ, ಸಂಬಂಧ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಎರಡನೆಯದು. ಅವರು ನನ್ನ ಮಾಮ ಎಂಬುದು ನೆನಪಾದದ್ದು ಮೂರನೆಯದಾಗಿ. ಅವರು ನನ್ನನ್ನು ಇನ್ನೂ ಭಾಂಜಿ ಎನ್ನುತ್ತಿದ್ದಾರೆ. ಇದನ್ನು ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ, ನಿನಗೆ ಹೇಳುತ್ತಿದ್ದೇನೆ.