ಕ್ಷಮಾ ಮಾಡಿದ ಎರಡು ಕರೆ

ಫೆಬ್ರವರಿ 4, ಸಂಜೆ

ಸೊರಬದ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಹೋಸ್ ಪೈಪ್ ಒಣಗಲು ಹಾಕಿ ಬಂದು ಕೂತೆ. ಬೆಳಿಗ್ಗೆ ಜಡೆ ಊರಿನ ಕಡೆಯ ಒಂದು ಶಾಲೆಯಲ್ಲಿ ಡೆಮೊ. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ಮಲಗಿ ಉರುಳಬೇಕು — ಯೂನಿಫಾರ್ಮಿನಲ್ಲೇ ಅಂಗಳದಲ್ಲಿ ಉರುಳಿ ತೋರಿಸಿದೆ. ಮಕ್ಕಳು ನಕ್ಕರು. ನಗಲಿ, ಮರೆಯುವುದಿಲ್ಲ. ತುರ್ತು ನಂಬರ್ 112 ಎಲ್ಲರಿಗೂ ಬಾಯಿಪಾಠ. ಈ ಕೆಲಸ ನನಗೆ ಬರುತ್ತದೆ.

ಫೆಬ್ರವರಿ 5

ಅದೇ ಊರಿನಿಂದ ಕರೆ. ಸೈರನ್ ಹಾಕಿಕೊಂಡು ಹೋದೆವು. ಬೆಂಕಿಯೇ ಇಲ್ಲ! ತಿರುವಿನಲ್ಲಿ ನಿನ್ನೆಯ ಐದನೇ ಕ್ಲಾಸಿನ ಕ್ಷಮಾ ನಿಂತಿದ್ದಳು. ಕೈಯಲ್ಲಿ ಅಜ್ಜಿಯ ಫೋನ್. ಅಳುಮುಖ.

"ಅಜ್ಜಿ ಹೇಳ್ತು, ಸೊರಬದಿಂದ ನಮ್ಮೂರಿಗೆ ಯಾರೂ ಬರಲ್ಲ ಅಂತ. ನೀವು ಬರ್ತೀರಿ ಅಂದೆ ನಾನು. ಅದ್ಕೇ..."

ಬಯ್ಯಬೇಕಿತ್ತು. ಕುಕ್ಕರಗಾಲಲ್ಲಿ ಕೂತು ಕೇಳಿದೆ, "ಈಗ ಬೇರೆ ಮನೆ ಉರೀತಿದ್ರೆ ಅಲ್ಲಿಗೆ ಯಾರು ಹೋಗ್ತಾರೆ?"

ಅವಳ ಮುಖ ಬಿಳಿಚಿತು. ಅರ್ಥವಾಯಿತು.

ನಾಗರಾಜಪ್ಪ ಸರ್ — ನಮ್ಮ ಆಫೀಸರ್, ಶಿಕಾರಿಪುರದವರು — ಠಾಣೆಯಲ್ಲಿ ಇಳಿಯುವಾಗ ಹೇಳಿದರು, "ಸಾಕು ಮಾಡ್ರಿ ಗಂಗಾಶ್ರೀ, ನಿಮ್ಮ ಸಾಲಿ ಪಾಠ. ನಂಬರ್ ಕಲಿಸಿದ್ರಿ, ಆಟ ಶುರು ಆತು."

"ಪೂರ್ತಿ ಕಲಿಸಿಲ್ಲ, ಅಷ್ಟೇ ಸರ್. ಇನ್ನೊಂದು ಸಲ ಹೋಗ್ತೀನಿ."

ಸರ್ ರಿಜಿಸ್ಟರಿನಲ್ಲಿ ಸುಳ್ಳು ಕರೆ ಅಂತ ಬರೆಯಲು ಒಳಗೆ ಹೋದರು. ಬೇಡ ಅನ್ನಲಿಲ್ಲ.

ಫೆಬ್ರವರಿ 8

ಹೋದೆ. ರಜೆ ಹಾಕಿ, ಬಸ್ಸಿನಲ್ಲಿ. ಸುಳ್ಳು ಕರೆ ಯಾಕೆ ಬೇಡ — ಅದೊಂದೇ ಪಾಠ. ಕ್ಷಮಾ ಹಿಂದಿನ ಸಾಲಿನಲ್ಲಿ, ತಲೆ ತಗ್ಗಿಸಿ. ಆಮೇಲೆ ಹತ್ತಿರ ಕರೆದು ಹೇಳಿದೆ, "ನಿಜವಾಗಿ ಬೆಂಕಿ ಬಿದ್ರೆ ಹೆದರದೆ ಫೋನ್ ಮಾಡು. ನಾನು ನಂಬ್ತೀನಿ."

ಫೆಬ್ರವರಿ 23, ಭಾನುವಾರ

ಕೈ ಇನ್ನೂ ಹೊಗೆ ನಾರುತ್ತಿದೆ.

ಮಧ್ಯಾಹ್ನ ಕಂಟ್ರೋಲ್ ರೂಮಿನವರು ಹೇಳಿದರು, "ಅದೇ ಹುಡುಗಿ, ಅದೇ ನಂಬರ್. ಬೆಂಕಿ ಅಂತಾಳೆ, ವಾಪಸ್ ಫೋನ್ ಮಾಡಿದ್ರೆ ಎತ್ತುತ್ತಿಲ್ಲ." ಸರ್ ನನ್ನ ಮುಖ ನೋಡಿದರು.

"ನಡೀರಿ ಸರ್. ಸುಳ್ಳಾದ್ರೆ ಇನ್ಮೇಲೆ ಶಾಲೆ ಹೆಸರೇ ಎತ್ತಲ್ಲ."

ಹೇಳಿಬಿಟ್ಟೆ. ಗಾಡಿ ಹತ್ತಿದೆವು. ದೂರದಲ್ಲಿ ಹೊಗೆ ಕಂಡಾಗ ಸಮಾಧಾನ... ಛೆ, ಎಂಥ ಯೋಚನೆ!

ಕ್ಷಮಾಳ ಮನೆಯ ಬಚ್ಚಲ ಒಲೆಯ ಕಿಡಿ ಕೊಟ್ಟಿಗೆಯ ಹುಲ್ಲಿಗೆ ಹಾರಿತ್ತು. ಹಸುಗಳನ್ನು ಪಕ್ಕದವರು ಬಿಚ್ಚಿದ್ದರು. ಕೊಟ್ಟಿಗೆಯ ಮಾಡು ಸುಟ್ಟುಹೋಯಿತು. ಮನೆ ಉಳಿಯಿತು. ರಸ್ತೆಯಲ್ಲಿ ಕ್ಷಮಾ, ಮುಷ್ಟಿಯಲ್ಲಿ ಅಜ್ಜಿ ಯಮುನಮ್ಮನ ಸೆರಗು.

"ಚಿನ್ನದ ಸರ ತರ್ತೀನಿ ಅಂದ್ರೂ ಮನೆ ಒಳಗೆ ಬಿಡ್ಲಿಲ್ಲ ಮಾರಾಯ್ತಿ ಈ ಹುಡುಗಿ. ಸೆರಗು ಹರಿದೋಯ್ತು!"

"ಫೋನ್ ಯಾಕೆ ಎತ್ತಲಿಲ್ಲ?" ಕ್ಷಮಾಳನ್ನು ಕೇಳಿದೆ.

"ರಿಂಗ್ ಆಗ್ತಿತ್ತು ಮೇಡಂ. ಎರಡೂ ಕೈಲಿ ಅಜ್ಜಿನ್ನ ಹಿಡ್ಕಂಡಿದ್ದೆ. ಎತ್ತೋದ್ ಹೆಂಗೆ?"

ಸರ್ ಆ ಕಡೆ ತಿರುಗಿ ಪೈಪ್ ಸುತ್ತತೊಡಗಿದರು. ಅದು ಅವರ ಕೆಲಸವಲ್ಲ.

ಫೆಬ್ರವರಿ 27, ಬೆಳಿಗ್ಗೆ

ಯಮುನಮ್ಮ ಹೇಳಿಕಳಿಸಿದ್ದಾರೆ — ಮಕ್ಕಳಿಗೆ ಮಾತ್ರ ಯಾಕೆ, ಅಜ್ಜಿಯರಿಗೂ ಹೇಳಿಕೊಡಿ. ಇವತ್ತು ಶಾಲೆಯಲ್ಲಿ ಊರಿನ ಹೆಂಗಸರೆಲ್ಲ ಸೇರುತ್ತಾರಂತೆ. ಸಿಲಿಂಡರಿನಿಂದ ಶುರು ಮಾಡಲೋ, ಬಚ್ಚಲ ಒಲೆಯಿಂದಲೋ?

ಹೊರಗೆ ಹಾರ್ನ್. ಜೀಪಿನ ಸ್ಟೀರಿಂಗ್ ಹಿಡಿದಿರುವುದು ಸರ್!

"ಎಷ್ಟೊತ್ತು ಬರೀತೀರಿ? ಸಾಲಿಗೆ ಲೇಟಾಗ್ತೈತಿ!"

ಸಾಲಿಗೆ ಲೇಟಂತೆ. ಇವರೇ ಅಲ್ಲವೇ ಮೊನ್ನೆ —