ಪೂಜೆಗೆ ಕೂತ ಎರಡು ಮುಚ್ಚಳ

ಶಿಕಾರಿಪುರ
೨-೧೦-೧೯೯೮, ಬೆಳಿಗ್ಗೆ

ಸಿಟ್ಟು ಮಾಡಿಕೊಂಡು ಕೂತಿರುವ ನನ್ನ ಗಂಗಾಶ್ರೀಗೆ,

ನಿನ್ನ ಮಂಗಳಾ ಮಾಡುವ ನಮಸ್ಕಾರ, ಅದೂ ಸೊಂಟ ಬಗ್ಗಿಸಿ. ಪತ್ರ ಹರಿದು ಒಲೆಗೆ ಹಾಕುವ ಮೊದಲು ಒಂದು ಲೋಟ ಚಹಾ ಮಾಡಿಕೊಂಡು ಪೂರ್ತಿ ಓದು. ಇವತ್ತು ಗಾಂಧಿ ಜಯಂತಿ, ನಿನ್ನ ಕಾಲೇಜಿಗೆ ರಜೆ, ಪಾಠ ತಯಾರಿ ಅನ್ನುವ ನೆಪ ನಡೆಯುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ತಪ್ಪು ನಿನ್ನದಲ್ಲ. ಮತ್ತೆ, ಐದೂ ಎದ್ದವು ಕಣೇ. ಐದೂ!

ನೀನು ನನ್ನ ಪತ್ರಗಳನ್ನು ಯಜಮಾನರಿಗೂ ಓದಿ ಹೇಳುತ್ತೀಯ ಎಂದು ಗೊತ್ತು. ದನದ ಡಾಕ್ಟರಿಗೂ ನಮ್ಮ ಹುಚ್ಚು ಅರ್ಥವಾಗಲಿ ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಾಗರಾಜ್ ಅವರೇ, ಮಲ್ಲಿಕಾರ್ಜುನಪ್ಪ ಸಾಹುಕಾರರ ಅಕ್ಕಿ ಅಂಗಡಿಯ ಮಹಡಿಯಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತೇನಲ್ಲ, ಅಲ್ಲಿ ಹಾರ್ಡ್ ಡಿಸ್ಕ್ ಇಲ್ಲದ ಐದು ಹಳೇ ಯಂತ್ರಗಳಿವೆ. ಡಿಸ್ಕ್ ಇರುವುದು ಇನ್ನೊಂದಕ್ಕೆ ಮಾತ್ರ. ಆ ಒಂದರಿಂದ ತಂತಿಯ ಮೂಲಕ ಐದಕ್ಕೂ ಆಪರೇಟಿಂಗ್ ಸಿಸ್ಟಮ್ ಕಳಿಸಿ ಎಬ್ಬಿಸಬೇಕು, ಆ ಸಿಸ್ಟಮ್ಮನ್ನೂ ನಾವೇ ಬರೆಯಬೇಕು, ಅದು ಕನ್ನಡದಲ್ಲೇ ಮಾತಾಡಬೇಕು ಎಂದು ನಾನೂ ನಿಮ್ಮ ಹೆಂಡತಿಯೂ ಹಟ ಹಿಡಿದಿದ್ದೆವು. ಸಾಹುಕಾರರು ವಿಜಯದಶಮಿಯ ಗಡುವು ಕೊಟ್ಟರು. ಅಷ್ಟರಲ್ಲಿ ಏಳದಿದ್ದರೆ ಐದೂ ಗುಜರಿಗೆ, ಆ ಜಾಗಕ್ಕೆ ಅಕ್ಕಿ ಚೀಲ. ಉಳಿದ ಒಂದೇ ಯಂತ್ರದ ಮುಂದೆ ಇಡೀ ಕ್ಲಾಸನ್ನು ಕೂರಿಸಿ ನಾನು ಏನು ಕಲಿಸಲಿ? ಕ್ಲಾಸಿಗೂ ಎಳ್ಳುನೀರು ಬಿಟ್ಟ ಹಾಗೆಯೇ.

ಹಬ್ಬಕ್ಕೆ ಮೊದಲು ಯಂತ್ರ ನಮ್ಮ ಸಿಸ್ಟಮ್ಮನ್ನು ಪೂರ್ತಿ ಇಳಿಸಿಕೊಳ್ಳುತ್ತಿತ್ತು, ಓಡಿಸಲು ಹೋದ ಕೂಡಲೇ ಸತ್ತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕಾರಣ ಹಿಡಿದವಳು ನೀನು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಹೊಸ ಕಂಪೈಲರ್ ಜೊತೆ, ತುಂಡುಗಳನ್ನು ಜೋಡಿಸುವ ಲಿಂಕರ್ ಕೂಡ ಹೊಸದು ಬಂದಿತ್ತು, ಅದು ಎಲ್ಲಿ ಇಳಿಯಬೇಕೆಂಬ ನಮ್ಮ ಹಳೇ ಸೂಚನೆಯನ್ನು ಕೈಬಿಟ್ಟಿತ್ತು. ಸಿಸ್ಟಮ್ಮು ಮೆಮೊರಿಯ ಒಂದು ಜಾಗದಲ್ಲಿ ಇಳಿದು, ತಾನು ಬೇರೆಲ್ಲೋ ಇದ್ದೇನೆ ಎಂದು ತಿಳಿದುಕೊಂಡಿತ್ತು. ಶಿರಾಳಕೊಪ್ಪದಲ್ಲೇ ಬಸ್ಸಿಳಿದು ಸೊರಬದ ನಿಮ್ಮ ಮನೆ ಹುಡುಕಿದ ಹಾಗೆ. ನೀನು ಅದನ್ನು ಸರಿಮಾಡಿ, ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮನ್ನೂ ಸೇರಿಸಿ ಎಲ್ಲವನ್ನೂ ಹೊಸದಾಗಿ ಕಂಪೈಲ್ ಮಾಡಿ, ಫ್ಲಾಪಿಯನ್ನು ಕಂಡಕ್ಟರ್ ರಾಜಕುಮಾರನ ಕೈಯಲ್ಲಿ ಕಳಿಸಿದೆ. ಪುಣ್ಯಾತ್ಮ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಜೋಪಾನವಾಗಿ ತಂದುಕೊಟ್ಟ.

ಆಯುಧ ಪೂಜೆಯ ಹಿಂದಿನ ಸಂಜೆ ಹಾಕಿ ನೋಡಿದರೆ ಪರದೆಯ ಮೇಲೆ ಬರೀ ಚುಕ್ಕಿ. ಯಂತ್ರ ತಂತಿಯಲ್ಲಿ ಕೂಗುತ್ತದೆ, ಉತ್ತರ ಬರುವುದಿಲ್ಲ, ಒಂದು ಚುಕ್ಕಿ. ಮತ್ತೆ ಕೂಗುತ್ತದೆ, ಮತ್ತೊಂದು ಚುಕ್ಕಿ. ಐದಕ್ಕೂ ಅದೇ ರೋಗ. ಹಿಂದಿನ ದಿನ ಇಳಿಯುವುದಾದರೂ ಇಳಿಯುತ್ತಿತ್ತು, ಬದಲಾಗಿದ್ದು ನಿನ್ನ ಫ್ಲಾಪಿ ಒಂದೇ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಎಸ್‌ಟಿಡಿ ಬೂತಿಗೆ ಓಡಿ ನಿನಗೆ ಏನೇನು ಅಂದೆನೋ ಅದನ್ನು ಮತ್ತೆ ಬರೆಯುವುದಿಲ್ಲ. ನೀನು ತಣ್ಣಗೆ, ಹಂಗಾರೆ ಇನ್ಮೇಲೆ ನೀನೇ ಮಾಡ್ಕ ಮಾರಾಯ್ತಿ, ನಂಗೆ ಬ್ಯಾಡ ಅಂದು ಫೋನ್ ಇಟ್ಟೆ.

ವಾಪಸ್ ಬಂದು ಹಳೇ ಫ್ಲಾಪಿ ಹುಡುಕಿ ಹಾಕಿದೆ. ಅದಕ್ಕೂ ಚುಕ್ಕಿ. ನಿನ್ನೆ ಕೆಲಸ ಮಾಡಿದ್ದು ಇವತ್ತು ಮಾಡುವುದಿಲ್ಲ ಎಂದರೆ ರೋಗ ನಿನ್ನ ಕಡೆಯದಲ್ಲ ಎಂದು ಆಗಲೇ ತಿಳಿಯಿತು. ಬೂತ್ ಮುಚ್ಚಿತ್ತು ಎಂದು ಬರೆಯೋಣ ಅಂದುಕೊಂಡೆ. ಮುಚ್ಚಿರಲಿಲ್ಲ. ಫೋನ್ ಮಾಡಲು ನನಗೆ ಮುಖ ಇರಲಿಲ್ಲ.

ನಮ್ಮ ಸಾಹುಕಾರರ ಆಯುಧ ಪೂಜೆ ನಿನಗೆ ಗೊತ್ತಲ್ಲ. ತಕ್ಕಡಿ, ತೂಕದ ಬಟ್ಟು, ಲಾರಿಯ ಸ್ಪ್ಯಾನರು ಎಲ್ಲವನ್ನೂ ಹಿಂದಿನ ದಿನವೇ ಹುಣಸೆಹಣ್ಣು ಹಚ್ಚಿ ತಾವೇ ತಿಕ್ಕಿ ತೊಳೆದು, ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ. ಪೂಜೆಯ ದಿನ ಕಡಲೆ ಉಸುಲಿ ತಿನ್ನುತ್ತಾ ನೋಡುತ್ತೇನೆ, ಬಟ್ಟುಗಳ ಸಾಲಿನ ಕೊನೆಗೆ ವಿಭೂತಿ ಕುಂಕುಮ ಹಚ್ಚಿಸಿಕೊಂಡು, ತಲೆ ಮೇಲೆ ಸೇವಂತಿಗೆ ಏರಿಸಿಕೊಂಡು ಕೂತಿವೆ ಎರಡು ಪುಟ್ಟ ಮುಚ್ಚಳ. ನಮ್ಮ ತಂತಿಯ ಎರಡು ತುದಿಯ ಮುಚ್ಚಳ! ನಾಗರಾಜ್ ಅವರೇ, ಅವು ಧೂಳು ಹೋಗದಿರಲಿ ಎಂದು ಹಾಕಿದ್ದಲ್ಲ. ತುದಿ ಮುಟ್ಟಿದ ಸಂಕೇತವನ್ನು ಅಲ್ಲೇ ನುಂಗುವುದು ಅವುಗಳ ಕೆಲಸ. ಅವಿಲ್ಲದಿದ್ದರೆ ಸಂಕೇತ ತಿರುಗಿ ಬಂದು ತಂತಿ ತುಂಬ ಗದ್ದಲ, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ನಮ್ಮಿಬ್ಬರ ಫೋನಿನಲ್ಲಿ ಆಗಿದ್ದೂ ಅದೇ.

ಕೈ ಚಾಚಿದೆ. ಸಾಹುಕಾರರು ತಡೆದರು. ಮುಟ್ಟಬ್ಯಾಡವ್ವ, ಪೂಜೆಗೆ ಕುಂತಾವೆ, ನಾಳೆ ಮಂಗಳಾರತಿ ಆಗಿ ಇಳ್ಸೋತನಕ ಅಲ್ಲಾಡಿಸಂಗಿಲ್ಲ ಅಂದರು. ಯಾಕೆ ಬಿಚ್ಚಿದಿರಿ ಎಂದು ಕೇಳಿದರೆ, ಎಲ್ಲಾದಕ್ಕೂ ಪೂಜೆ ಮಾಡಿ ಮ್ಯಾಲಿನ ಡಬ್ಬಿಗಳನ್ನ ಬಿಟ್ರೆ ಅವೇನು ಅನ್ಕಂತಾವೆ, ಕೈಗೆ ಬಿಚ್ಚಿ ಬಂದಿದ್ದು ಇವೆರಡೇ ಅಂದರು. ಗುಜರಿಗೆ ಹಾಕಬೇಕು ಎಂದಿದ್ದವರೂ ಇವರೇ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದಶಮಿಯ ಬೆಳಿಗ್ಗೆ ಮಂಗಳಾರತಿಗೆ ಮೊದಲೇ ಗುಜರಿಯವನು ಹಗ್ಗ, ತಳ್ಳುಗಾಡಿ ಸಮೇತ ಹಾಜರು. ಅವತ್ತಿನಷ್ಟು ಉದ್ದದ ಮಂಗಳಾರತಿಯನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಕೊನೆಗೂ ಸಾಹುಕಾರರು ಎರಡೂ ಮುಚ್ಚಳವನ್ನು ಪ್ರಸಾದ ಕೊಟ್ಟ ಹಾಗೆ ನನ್ನ ಬೊಗಸೆಗೆ ಹಾಕಿದರು. ಮಹಡಿ ಹತ್ತಿ ಸೆರಗಿನಿಂದ ಕುಂಕುಮ ಒರೆಸಿ ತಂತಿಯ ತುದಿಗಳಿಗೆ ಸಿಕ್ಕಿಸಿದೆ, ನಿನ್ನ ಹೊಸ ಫ್ಲಾಪಿ ಹಾಕಿದೆ. ಒಂದು ಚುಕ್ಕಿ ಬಂತು, ನನ್ನ ಜೀವ ಬಾಯಿಗೆ ಬಂತು. ಎರಡನೆಯದು ಬರಲಿಲ್ಲ. ಸಿಸ್ಟಮ್ಮು ಇಳಿಯಿತು, ಇಳಿದ ಮೇಲೆ ಸಾಯಲೂ ಇಲ್ಲ. ನೀನು ಗ್ರಾಫ್ ಹಾಳೆಯ ಮನೆ ಮನೆ ತುಂಬಿ ಬರೆದ ಅಕ್ಷರಗಳು ಕಪ್ಪು ಪರದೆಯ ಮೇಲೆ ಮೂಡಿದವು. ಶರಣು. ಒಂದಾದ ಮೇಲೆ ಒಂದು, ಐದು ಪರದೆಯಲ್ಲೂ ಶರಣು.

ಸಾಹುಕಾರರು ಮೆಟ್ಟಿಲು ಹತ್ತಿ ಬಂದು ಗಟ್ಟಿಯಾಗಿ ಓದಿದರು. ಆಮೇಲೆ ಒಂದೊಂದು ಯಂತ್ರದ ಮುಂದೆಯೂ ನಿಂತು, ಕೈ ಮುಗಿದು, ಶರಣ್ರೀ ಶರಣ್ರೀ ಅನ್ನುತ್ತಾ ಐದನ್ನೂ ದಾಟಿದರು. ಬಾಗಿಲಲ್ಲಿ ಹಗ್ಗ ಹಿಡಿದು ನಿಂತಿದ್ದ ಗುಜರಿಯವನಿಗೆ, ಶರಣು ಅಂದೋರನ್ನ ಗುಜರಿಗೆ ಹಾಕಾಕಾಗುತ್ತೇನಪ್ಪಾ, ಕೆಳಗೆ ಉಸುಲಿ ಐತೆ, ತಿಂದು ಹೋಗು ಅಂದರು. ಇದನ್ನ ಬರ್ದೋರು ಯಾರವ್ವ ಎಂದು ಕೇಳಿದಾಗ ಸೊರಬದ ಗಂಗಾಶ್ರೀ ಅಂದೆ.

ನೀನಿಲ್ಲದೆ ಆ ಪರದೆಗಳ ಮುಂದೆ ನಿಂತು ಅರ್ಧ ಖುಷಿಯನ್ನಷ್ಟೇ ಪಟ್ಟೆ. ಕೈ ಬಿಡಬೇಡ ಕಣೇ. ಇನ್ನೂ ಕೀಬೋರ್ಡಿನ ಕೆಲಸ ಬಾಕಿ ಇದೆ, ಒತ್ತಕ್ಷರ ಹೊಡೆದರೆ ಯಂತ್ರ ಮುನಿಸಿಕೊಂಡು ಕೂರುತ್ತದೆ. ಮುನಿಸು ಬಿಡಿಸುವುದು ನನಗೆ ಬರುವುದಿಲ್ಲ, ಎಲ್ಲರಿಗಿಂತ ಚೆನ್ನಾಗಿ ನಿನಗೇ ಗೊತ್ತು.

ನಿನ್ನ ಬಾಯಿಬಡುಕಿ,
ಸರ್ವಮಂಗಳ

ಮತ್ತೊಂದು ಮಾತು: ಪತ್ರ ಒಳಗೆ ತಂದುಕೊಟ್ಟ ನಿನ್ನ ಯಜಮಾನರು ನಗು ತಡೆದುಕೊಂಡು ನಿಂತಿದ್ದರೆ ಅದಕ್ಕೆ ಕಾರಣ ಇದೆ. ಬನ್ನಿ ಸೊಪ್ಪನ್ನು ಟಪಾಲಿನಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಕೈಯಿಂದ ಕೈಗೇ ಕೊಡಬೇಕು. ಬನ್ನಿ ತಗೊಂಡು ಬಂಗಾರದ ಹಾಗಿರೋಣ ಅನ್ನಬೇಕು. ನೀನು ನನಗಿಂತ ದೊಡ್ಡವಳು, ಕಾಲು ಮುಟ್ಟಬೇಕಾದವಳೂ ನಾನೇ. ಇನ್ನೊಂದು ಲೋಟ ಚಹಾ ಇಟ್ಟು ಹೊರಗೆ ಬಾ. ನಿಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದೇನೆ.