ವೈಫೈ ಹಾಕಿಕೊಟ್ಟ ಅಳಿಯ

ಪೋರ್ಟ್ ಲಿಂಕನ್
ಮೇ ೧೪, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗಳೇ ಮಿರ್ನಾ,

ಕೆಮ್ಮು ಕಡಿಮೆಯಾಯಿತೇ? ಸ್ಟ್ರೀಕಿ ಬೇ ಊರಿನ ಗಾಳಿ ನಮ್ಮೂರಿನದಕ್ಕಿಂತ ಒರಟು, ಕಿವಿ ಮುಚ್ಚಿಕೊಂಡು ಓಡಾಡು. ನಾನು ಬಿಪಿ ಮಾತ್ರೆ ತಪ್ಪಿಸಿಲ್ಲ. ಫೋನಿನ ಮೇಲೆ ನನಗೆ ನಂಬಿಕೆ ಹೋಗಿದೆ, ಅದಕ್ಕೇ ಪಕ್ಕದ ಮನೆಯ ಲೋರ್ನಾಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಕ್ರಿಸ್‌ಮಸ್ಸಿಗೆ ನಿನ್ನ ಗಂಡ ಗ್ಲೆನ್ ನನ್ನ ಮನೆಗೆ ವೈಫೈ ಹಾಕಿಕೊಟ್ಟದ್ದು ನೆನಪಿದೆಯಲ್ಲ. ನನ್ನ ಟ್ಯಾಬ್ಲೆಟ್ಟಿಗೂ ಅವನೇ ಖಾತೆ ತೆರೆದ, ಪಾಸ್‌ವರ್ಡೂ ಅವನೇ ಇಟ್ಟ. ಬಾಗಿಲ ಮೇಲೊಂದು ಕ್ಯಾಮೆರಾ ಕೂಡಿಸಿ, "ಒಂಟಿ ಇರೋರು ನೀವು, ಭದ್ರವಾಗಿರ್ಬೇಕು ಅತ್ತೆ" ಅಂದ. ನಾನು ಹಿಗ್ಗಿ ಎರಡು ತಟ್ಟೆ ಸಾರ್ಡೀನ್ ಮೀನು ಹುರಿದು ಬಡಿಸಿದೆ. ನೀನು ಊಟ ಮುಟ್ಟಲೇ ಇಲ್ಲ. ಯಾಕೆಂದು ನಾನು ಕೇಳಲಿಲ್ಲ.

ನೀನು ಅವನನ್ನು ಬಿಟ್ಟುಹೋದ ಮೇಲೂ ಗ್ಲೆನ್ ಭಾನುವಾರ ತಪ್ಪದೆ ಬರುತ್ತಿದ್ದ. ಈ ಸಲ ಬಂದಾಗ ಕಾಫಿ ಕಲಕುತ್ತಾ, "ಸ್ಟ್ರೀಕಿ ಬೇ ಊರಿಗೆ ಹೋಗೋ ದಾರಿ ಹುಡುಕ್ತಿದ್ರಲ್ಲ, ಅಲ್ಲಿ ಯಾರಿದಾರೆ ಅತ್ತೆ?" ಅಂದ. ಲೋರ್ನಾಳ ಹೊರತು ನಾನು ಯಾರೆದುರೂ ಬಾಯಿ ಬಿಟ್ಟಿರಲಿಲ್ಲ, ಟ್ಯಾಬ್ಲೆಟ್ಟಿನಲ್ಲಿ ಒಮ್ಮೆ ದಾರಿ ನೋಡಿದ್ದೆ, ಅಷ್ಟೆ.

ಲೋರ್ನಾ ಮೂವತ್ತು ವರ್ಷ ಟೆಲಿಫೋನ್ ಕೆಲಸದಲ್ಲಿದ್ದವಳು. ನಿನ್ನೆ ಸಂಜೆ ಬಂದು ರೂಟರಿಗೆ ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ವೈಫೈಗೆ ಏನೇನು ಸೇರಿದೆ ಎಂಬ ಪಟ್ಟಿ ತೆಗೆದಳು. "ಇದು ಟ್ಯಾಬ್ಲೆಟ್ಟು, ಇದು ಬಾಗಿಲ ಕ್ಯಾಮೆರಾ. ಇನ್ನೊಂದು ಯಾವ್ದೇ ನೆವೆಂಕಾ?" ಮನೆಯೆಲ್ಲ ಹುಡುಕಿದೆವು. ಚಾರ್ಜರ್ ಎಂದುಕೊಂಡು ಅಡುಗೆಮನೆಯಲ್ಲಿ ನಾನು ದಿನಾ ಒರೆಸುತ್ತಿದ್ದ ಬಿಳಿ ಡಬ್ಬಿಯೊಳಗೆ ಸಣ್ಣದೊಂದು ಕಣ್ಣಿತ್ತು. ಲೋರ್ನಾಳ ಫೋನಿನಲ್ಲಿ ನಿನ್ನ ಜೊತೆ ಮಾತಾಡಿದ್ದು, ಅತ್ತಿದ್ದು, ಎಲ್ಲ ಅದರ ಮುಂದೆಯೇ ಮಗಳೇ.

ಎರಡೂ ಕ್ಯಾಮೆರಾ ಕಿತ್ತೆವು. ಟ್ಯಾಬ್ಲೆಟ್ ಆರಿಸಿ ಪೆಟ್ಟಿಗೆಗೆ ಹಾಕಿದೆವು. ಲೋರ್ನಾ ಹೇರ್‌ಪಿನ್ನಿನಿಂದ ರೂಟರಿನ ಹಿಂದಿನ ಗುಂಡಿ ಒತ್ತಿಹಿಡಿದು ಅವನಿಟ್ಟದ್ದನ್ನೆಲ್ಲ ಅಳಿಸಿದಳು. ಹೊಸ ಪಾಸ್‌ವರ್ಡಿಗೆ "ಅವನಿಗೆ ಗೊತ್ತಿರೋದು ಯಾವುದೂ ಬೇಡ ಕಣೇ" ಅಂದಳು. ನಿನ್ನ ಹುಟ್ಟಿದ ದಿನ, ನಿಮ್ಮಪ್ಪನ ದೋಣಿ, ಸತ್ತ ನಾಯಿ, ಅವನಿಗೆ ಗೊತ್ತಿಲ್ಲದ್ದು ಏನುಳಿದಿದೆ? ಕೊನೆಗೆ ಕ್ರೊಯೇಷಿಯಾದಲ್ಲಿ ನನ್ನಜ್ಜಿ ಸಾಕಿದ್ದ ಮೇಕೆಗಳ ಹೆಸರನ್ನು ಸಾಲಾಗಿ ಹೇಳಿದೆ.

ಹತ್ತು ನಿಮಿಷವಾಗಿರಲಿಲ್ಲ, ಅವನ ಫೋನ್. "ಅತ್ತೆ, ನೆಟ್ ಹೋಗಿದ್ಯಲ್ಲ, ಬಂದು ನೋಡ್ಲಾ?"

"ಬೇಡಪ್ಪಾ, ಕರೆಂಟೇ ಇಲ್ಲ" ಅಂದೆ.

ನಕ್ಕ. "ಸುಳ್ಳು ಯಾಕತ್ತೆ? ಅಡುಗೆಮನೆ ದೀಪ ಉರೀತಿದೆ."

ಪರದೆ ಸರಿಸಿದರೆ ರಸ್ತೆಯಾಚೆ ಅವನ ಗಾಡಿ. ಲೋರ್ನಾ ಪೊಲೀಸರಿಗೆ ಫೋನ್ ಮಾಡುವಷ್ಟರಲ್ಲಿ ಹೊರಟುಹೋಯಿತು. ಅವರು ಬಂದು ದೂರು ಬರೆದುಕೊಂಡರು.

ಅವನನ್ನು ಒಳಗೆ ಕರೆದು ಕೂರಿಸಿದವಳು ನಾನೇ. ಕ್ಷಮಿಸು. ಮಾತೆ ಮರಿಯಮ್ಮ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ನೆವೆಂಕಾ

ತಾ.ಕ.: ಲೋರ್ನಾ ಈಗಷ್ಟೇ ಬಂದರಿನಲ್ಲಿ ವಿಚಾರಿಸಿ ಬಂದಳು. ಗ್ಲೆನ್ ನಾಳೆಯಿಂದ ದೋಣಿ ಕೆಲಸಕ್ಕೆ ರಜೆ ಹಾಕಿದ್ದಾನೆ, "ಹೆಂಡ್ತೀನ ಕರ್ಕೊಂಡ್ಬರೋಕೆ ಹೋಗ್ತಿದೀನಿ" ಅಂದನಂತೆ. ಇದನ್ನು ಓದಿದ ಕೂಡಲೇ ಲೋರ್ನಾಳ ಕಾರು ಹತ್ತು, ಬಟ್ಟೆಬರೆ ಅಂತ ನಿಲ್ಲಬೇಡ. ಎಲ್ಲಿಗೆ ಹೋದೆ ಎಂದು ನನಗೂ ತಿಳಿಸಬೇಡ.